ದುರ್ಗಪ್ಪ ಸಾರಿದ ಮೂವತ್ತೆಂಟು

ಸಾಲಹಳ್ಳಿಯಲ್ಲಿ ಡಂಗುರ ಸಾರುವ ದುರ್ಗಪ್ಪನಿಗೆ ಎರಡು ಗುಣಗಳಿದ್ದವು. ಒಂದು, ಸುಳ್ಳು ಸಾರುತ್ತಿರಲಿಲ್ಲ. ಇನ್ನೊಂದು, ಅವನ ಬಾಯಲ್ಲಿ ಎಳ್ಳುಕಾಳು ನೆನೆಯುತ್ತಿರಲಿಲ್ಲ. ರೇಷನ್ ಸಕ್ಕರೆ ಬಂದದ್ದಿರಲಿ, ಯಾರದೋ ಎಮ್ಮೆ ತಪ್ಪಿಸಿಕೊಂಡದ್ದಿರಲಿ, ಅವನ ಹಲಗೆಯ ಸದ್ದು ಕೇಳಿದ ಮೇಲೆಯೇ ಊರಿಗೆ ಅದು ಸುದ್ದಿ. ಇಂಥವನ ಮನೆಯಲ್ಲಿ ಕೃಷ್ಣವ್ವ ಎಂಬ ತುಟಿ ಬಿಚ್ಚದ ಮಗಳು ಹುಟ್ಟಿದ್ದಳು. ಮನೆಯ ಮಾತನ್ನೆಲ್ಲ ಅಪ್ಪನೇ ಆಡಿ ಮುಗಿಸಿದ ಮೇಲೆ ಪಾಪ, ಅವಳಿಗೆ ಉಳಿದದ್ದಾದರೂ ಏನು?

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಕೃಷ್ಣವ್ವ ಬಸ್ಸು ಹಿಡಿದು ರಾಮದುರ್ಗಕ್ಕೆ ಹೋಗಿ ಪಿ.ಯು.ಸಿ. ಎರಡನೆಯ ವರ್ಷ ಓದುತ್ತಿದ್ದಳು. ಧಾರವಾಡದ ಒಂದು ಮಹಿಳಾ ಕಾಲೇಜಿನವರು ವಾರ್ಷಿಕ ಪರೀಕ್ಷೆಗೆ ಎಷ್ಟೋ ಮೊದಲೇ ಅರ್ಜಿ ಕರೆದು, ಬಿ.ಎಸ್ಸಿ. ಸೀಟನ್ನೂ ಹಾಸ್ಟೆಲನ್ನೂ ಒಟ್ಟಿಗೆ ಕಾಯ್ದಿಡುತ್ತಿದ್ದರು. ಅದು ಸಿಕ್ಕರೆ ಮುಂದಿನ ಓದು, ಇಲ್ಲದಿದ್ದರೆ ಓದು ಅಲ್ಲಿಗೇ ಮುಗಿಯಿತು. ಅರ್ಜಿಯಲ್ಲಿ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ತೋರಿಸಬೇಕಿತ್ತು. ಹುಡುಗಿಗೆ ನಿದ್ದೆ ಹಾರಿದ್ದು ಅಲ್ಲೇ. ಹಿಂದಿನ ವರ್ಷ ರಸಾಯನಶಾಸ್ತ್ರದಲ್ಲಿ ಎಪ್ಪತ್ತು ದಾಟಿದ್ದವಳಿಗೆ ಈ ಸಲ ಬಂದದ್ದು ಮೂವತ್ತೆಂಟು. ಹೊಸ ಮಾಸ್ತರರು ಇಂಗ್ಲಿಷಿನಲ್ಲಿ ಗಡಗಡ ಪಾಠ ಹೇಳಿಕೊಂಡು ಹೋಗುತ್ತಿದ್ದರು. ತಿಳಿಯಲಿಲ್ಲ ಎಂದು ತುಂಬಿದ ತರಗತಿಯಲ್ಲಿ ಎದ್ದು ಕೇಳಲು ಇವಳಿಗೆ ನಾಚಿಕೆ.

ಅರ್ಜಿ ಹಾಕಿ ಬಂದ ಸಂಜೆ ಅವಳು ರೊಟ್ಟಿ ಮುಟ್ಟಲಿಲ್ಲ. ಯಾಕೆಂದು ಅಪ್ಪ ಪೀಡಿಸಿದಾಗ, “ಧಾರವಾಡ ಕಾಲೇಜಿಗೆ ಅರ್ಜಿ ಹಾಕೇನಿ” ಎಂದಷ್ಟೇ ಹೇಳಿದಳು. ದುರ್ಗಪ್ಪನ ಕಿವಿಗೆ ಧಾರವಾಡ ಬಿತ್ತು, ಕಾಲೇಜು ಬಿತ್ತು. ಅರ್ಜಿ ಎಲ್ಲಿ ಜಾರಿತೋ ಆ ಶಿವನಿಗೇ ಗೊತ್ತು.

ಮರುದಿನ ಪಂಚಾಯತಿಯ ಸುದ್ದಿ ಸಾರುವುದಿತ್ತು.

“ಕೇಳ್ರಪೋ ಕೇಳ್ರಿ! ನಾಳಿ ದನಕ್ಕ ಸೂಜಿ ಮಾಡೋ ಡಾಕ್ಟರು ಬರ್ತಾರ, ದನಾ ಹೊರಗ ಬಿಡಬ್ಯಾಡ್ರಿ! ಮತ್ತ ನಮ್ಮ ಕೃಷ್ಣವ್ವಗ ಧಾರವಾಡದಾಗ ಸೀಟು ಸಿಕ್ಕೈತಿ!”

ಸಂಜೆ ಬಸ್ಸಿಳಿದ ಕೃಷ್ಣವ್ವನನ್ನು ಊರಬಾಗಿಲಾದ ಅಗಸಿಯಲ್ಲಿ ನಾಲ್ಕು ಮಂದಿ ಸೀಟು ಸಿಕ್ಕಿತಲ್ಲ ಎಂದು ಹೊಗಳಿದರು. ಅವಳು ಓಡುತ್ತ ಮನೆಗೆ ಬಂದಳು.

“ಯಪ್ಪಾ, ಸೀಟು ಎಲ್ಲಿ ಸಿಕ್ಕೈತಿ? ರಸಾಯನದಾಗ ಮೂವತ್ತೆಂಟು ಬಂದಾವು. ಅವರು ಒಲ್ಲೆ ಅಂದ್ರ ಊರಾಗ ನಾ ಹೆಂಗ ಮಾರಿ ತೋರಿಸ್ಲಿ?”

“ಅದು ಬಾಯಲ್ಲ, ಊರ ಅಗಸಿ! ಎಂದಾರ ಮುಚ್ಚೈತೇನು?” ಎಂದು ತಾಯಿ ಸಾವಂತ್ರೆವ್ವ ಒಲೆಯ ಮುಂದಿನಿಂದಲೇ ಗಂಡನಿಗೆ ಮಂಗಳಾರತಿ ಎತ್ತಿದಳು.

ದುರ್ಗಪ್ಪನ ಮುಖ ಸಣ್ಣದಾಯಿತು. ತಪ್ಪು ಸಾರಿದವನು ಅದೇ ಕಟ್ಟೆಗಳಲ್ಲಿ ನಿಂತು ತಿದ್ದಿ ಸಾರಬೇಕು, ತಪ್ಪಿನ ವಿವರವನ್ನೂ ಹೇಳಬೇಕು. ಅವನ ಅಜ್ಜನ ಕಾಲದಿಂದ ನಡೆದುಬಂದ ನಿಯಮ ಅದು. ಮಗಳು ತಡೆಯುವಷ್ಟರಲ್ಲಿ ಅವನು ಹಲಗೆ ಹೆಗಲಿಗೇರಿಸಿಕೊಂಡು ಹೊರಟಾಗಿತ್ತು.

“ಕೇಳ್ರಪೋ ಕೇಳ್ರಿ! ಮುಂಜಾನಿ ಹೇಳಿದ್ದು ತಪ್ಪೈತಿ! ಕೃಷ್ಣವ್ವಗ ಸೀಟು ಇನ್ನಾ ಸಿಕ್ಕಿಲ್ಲ! ರಸಾಯನದಾಗ ಬರೇ ಮೂವತ್ತೆಂಟು ಬಂದಾವು!”

ಅಡ್ಡಗೋಡೆಯ ಮೇಲೆ ದೀಪ ಇಡುವುದು ಅವನಿಗೆ ಬರುತ್ತಲೇ ಇರಲಿಲ್ಲ. ಕೃಷ್ಣವ್ವ ಒಳಗೆ ಹೋಗಿ ಕದ ಹಾಕಿಕೊಂಡು ಅತ್ತಳು. ಅಪ್ಪನ ಮೇಲೆ ಅಷ್ಟು ಸಿಟ್ಟು ಅವಳಿಗೆ ಹಿಂದೆಂದೂ ಬಂದಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹೊರಗೆ ಯಾರೋ ಕೂಗಿದರು. “ಎಲ್ಲೈತಿ ಆ ಮೂವತ್ತೆಂಟು?”

ರಾಮದುರ್ಗದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಿಜಗುಣಪ್ಪ ಮಾಸ್ತರರು, ಇದೇ ಊರಿನ ಮೇಲಿನ ಓಣಿಯವರು. ಅವರು ದುರ್ಗಪ್ಪನ ಕೇರಿಗೆ ಬಂದು ಅವನ ಮನೆಯ ಕಟ್ಟೆಯ ಮೇಲೆ ಕುಳಿತದ್ದು ಅದೇ ಮೊದಲು. ಚಹಾ ಕೊಡಲೋ ಬೇಡವೋ ಎಂದು ಸಾವಂತ್ರೆವ್ವ ತಡವರಿಸುತ್ತಿದ್ದಾಗ ತಾವೇ ಕೇಳಿ ಇಸಿದುಕೊಂಡು ಕುಡಿದರು.

“ಹೊರಗ ಬಾರವಾ. ಏನು ತಿಳಿವಲ್ದು?”

“ಎಲ್ಲಾ ತಿಳಿವಲ್ದ್ರಿ.”

“ಚಲೋ ಆತು. ಮೊದಲಿಂದ ಚಾಲೂ ಮಾಡೂಣು.”

ಅಂದಿನಿಂದ ಪ್ರತಿ ಸಂಜೆ ಆ ಕಟ್ಟೆಯೇ ಅವಳ ಸಾಲೆಯಾಯಿತು. ಮೊದಮೊದಲು ತಲೆಯಾಡಿಸುತ್ತ ಕೂರುತ್ತಿದ್ದಳು. ಆಮೇಲೆ, ಊರಿಗೆಲ್ಲ ಗೊತ್ತಾದ ಮೇಲೆ ಮುಚ್ಚಿಡುವುದೇನಿದೆ ಎನಿಸಿ, ತಿಳಿಯದ್ದನ್ನೆಲ್ಲ ಕೇಳತೊಡಗಿದಳು. ಮಾಸ್ತರರಿಗೇ ಸಾಕಾಗಿ, “ಇವತ್ತಿಗೆ ಬಿಡವಾ ತಾಯಿ” ಎನ್ನುವಷ್ಟು ಕೇಳಿದಳು.

ಧಾರವಾಡದಿಂದ ಸಂದರ್ಶನಕ್ಕೆ ಕರೆ ಬಂತು. ಅಪ್ಪನನ್ನು ಹೊರಗೆ ಬೇವಿನ ಮರದ ಕೆಳಗೆ ಕೂರಿಸಿ ಕೃಷ್ಣವ್ವ ಒಳಗೆ ಹೋದಳು. ಪ್ರಿನ್ಸಿಪಾಲರಾದ ಹಿರಿಯ ಹೆಂಗಸು ಕನ್ನಡಕ ಸರಿಪಡಿಸಿಕೊಂಡು ಕೇಳಿದರು. “ಎಪ್ಪತ್ತರಿಂದ ಮೂವತ್ತೆಂಟಕ್ಕ ಹೆಂಗ ಇಳದೀ?”

“ತಿಳೀದಿದ್ದನ್ನ ಕೇಳಾಕ ನಾಚಿಕಿ ಇತ್ತರಿ. ಈಗ ಇಲ್ಲರಿ.”

“ಈಗ ಎಲ್ಲಿ ಹೋತು?”

“ನಮ್ಮಪ್ಪ ನನ್ನ ಮಾರ್ಕ್ಸು ಊರಿಗೆಲ್ಲ ಡಂಗರಾ ಹೊಡದ್ರಿ. ಇನ್ನ ಎಲ್ಲಿ ಉಳೀತೈತ್ರಿ?”

ಅಲ್ಲಿದ್ದವರೆಲ್ಲ ನಕ್ಕರು. ಪ್ರಿನ್ಸಿಪಾಲರು ನಗು ತಡೆದುಕೊಂಡು ಒಂದು ಗಟ್ಟಿ ಪ್ರಶ್ನೆಯನ್ನೇ ಹಾಕಿದರು. ಕೃಷ್ಣವ್ವನಿಗೆ ಅರ್ಧವೂ ಅರ್ಥವಾಗಲಿಲ್ಲ.

“ತಿಳೀಲಿಲ್ಲರಿ. ಇನ್ನೊಮ್ಮೆ ಹೇಳ್ರಿ.”

ಅವರು ನಿಧಾನವಾಗಿ ಹೇಳಿದರು. ಈ ಸಲ ಅವಳು ಉತ್ತರಿಸಿದಳು.

“ಸೀಟು ಹಿಡದಿಡತೇವಿ. ಪಾಸಾಗಿ ಬಾ.”

ಸುದ್ದಿ ಕೇಳಿದ ದುರ್ಗಪ್ಪ ಮಗಳೊಂದಿಗೆ ಊರ ಬಸ್ಸು ಹತ್ತಿದ. ಅಗಸಿಯಲ್ಲಿ ಇಳಿದಾಗ, “ಏನಾತೋ ದುರ್ಗಪ್ಪಾ?” ಎಂದು ಜನ ಮುತ್ತಿದರು. ಅವನು ಬಾಯಿ ತೆರೆದ, ದನಿ ಬರಲಿಲ್ಲ. ಟವೆಲಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದ. ಏನೋ ಕೆಟ್ಟದ್ದಾಗಿದೆ ಎಂದುಕೊಂಡು ಜನರ ಮುಖ ಸಪ್ಪಗಾಯಿತು. ಕೃಷ್ಣವ್ವ ಸುತ್ತ ನೋಡಿದಳು. ಹೇಳುವವರು ಬೇರೆ ಯಾರೂ ಇರಲಿಲ್ಲ. ಅಪ್ಪನ ಕೈ ಹಿಡಿದುಕೊಂಡು ಅವಳೇ ಗಂಟಲೆತ್ತಿ ಕೂಗಿದಳು.

“ಸೀಟು ಸಿಕ್ಕೈತ್ರಿ! ಪಾಸಾಗೂದು ಬಾಕಿ ಐತಿ!”