ಡ್ರಿಲ್ ಮೇಷ್ಟರ ಜಗಳ

ರೈಲಿನ ರಿಯಾಯಿತಿ ಕಾರ್ಡು ಕಾಗದ ಬಿಟ್ಟು ಮೊಬೈಲ್ ಆ್ಯಪಿಗೆ ಹೋದಂದಿನಿಂದ ನಿವೃತ್ತ ಡ್ರಿಲ್ ಮೇಷ್ಟರಿಗೆ ಬೆಳಗಿನ ವಾಕಿಂಗ್ ಎಂದರೆ ಸ್ಟೇಷನ್ನಿನ ಟಿಕೆಟ್ ಕೌಂಟರ್. ಕ್ಯೂನಲ್ಲಿ ಯಾರಾದರೂ ವಾಲಿಕೊಂಡಿದ್ದರೆ ಮೊದಲು ಅವರನ್ನು ನೆಟ್ಟಗೆ ನಿಲ್ಲಿಸುತ್ತಾರೆ, ಆಮೇಲೆ ಕಿಂಡಿಗೆ ಬಾಯಿಟ್ಟು, ಇಡೀ ಮೈದಾನಕ್ಕೆ ಕೇಳಿಸುವ ದನಿಯಲ್ಲಿ ಶುರುಮಾಡುತ್ತಾರೆ: "ಏನಮ್ಮಾ, ಕಾಗದದ ಕಾರ್ಡು ಯಾವತ್ತಾದ್ರೂ ಚಾರ್ಜ್ ಇಲ್ಲ ಅಂತ ಸತ್ತಿತ್ತಾ? ಪಾಸ್‌ವರ್ಡ್ ಕೇಳಿತ್ತಾ? ಅಪ್‌ಡೇಟ್ ಮಾಡು ಅಂತ ಪ್ರಾಣ ತಿಂದಿತ್ತಾ?" ಕೌಂಟರಿನಾಕೆ, "ನನ್ನ ಕೈಲಿ ಏನಿದೆ ಸಾರ್?" ಎಂದರೆ, "ನಿನ್ನ ಕೈಲಿದ್ದದ್ದನ್ನೂ ಕಿತ್ಕೊಂಡ್ರಲ್ಲಮ್ಮಾ, ಅದಕ್ಕೇ ಹೊಟ್ಟೆ ಉರಿಯೋದು!" ಎಂದು ಅವಳ ಪರವಾಗಿಯೂ ಒಂದು ಸುತ್ತು ಹಾರಾಡುತ್ತಾರೆ. ವಯಸ್ಸಾದವರಿಗೆ ಫೋನು ಒಗ್ಗುವುದಿಲ್ಲ ಪಾಪ ಎಂದು ಯಾರಾದರೂ ಕನಿಕರಿಸಿದರೋ, ಕೆಂಡವಾಗುತ್ತಾರೆ. ಅವರ ಫೋನಿನಲ್ಲಿ ಆ್ಯಪ್ ಅಚ್ಚುಕಟ್ಟಾಗಿ ನಡೆಯುತ್ತದೆ. ಕ್ಯೂನಲ್ಲಿ ತಡವರಿಸುವವರಿಗೂ ಅವರೇ ಬೈದುಕೊಂಡು ಹಾಕಿಕೊಡುತ್ತಾರೆ. ಮೇಷ್ಟರು ಇಷ್ಟೆಲ್ಲ ಕಿರುಚುವುದು ಅಕ್ಕನಿಗಾಗಿ. ಅಕ್ಕನ ಕೈ ಸದಾ ನಡುಗುತ್ತದೆ. ಪರದೆಯ ಮೇಲೆ ಒಂದು ಕಡೆ ಒತ್ತಲು ಹೋದರೆ ಬೆರಳು ಇನ್ನೊಂದು ಕಡೆ ಒತ್ತುತ್ತದೆ. ಉಣ್ಣಲು, ತಲೆ ಬಾಚಲು, ಗುಂಡಿ ಹಾಕಿಕೊಳ್ಳಲು ಇನ್ನೊಬ್ಬರ ಕೈ ಬೇಕಾದ ಆ ಅಕ್ಕ, ಕಾಗದದ ಕಾರ್ಡಿಗೆ ದಾರ ಕಟ್ಟಿಸಿ ಕೊರಳಿಗೆ ಹಾಕಿಕೊಂಡು ವಾರಕ್ಕೊಮ್ಮೆ ರೈಲಿನಲ್ಲಿ ಗೆಳತಿಯ ಮನೆಗೆ ಹೋಗಿಬರುತ್ತಿದ್ದರು. "ಅದಕ್ಯಾಕಕ್ಕಾ ಯೋಚನೆ, ಫೋನ್ ಹಿಡ್ಕೊಂಡು ನಾನೇ ಜೊತೇಲಿ ಬರ್ತೀನಿ" ಎಂದು ಮೇಷ್ಟರು ಮೊನ್ನೆ ಹೇಳಿದರು. ಅಕ್ಕ ಕೊರಳಿನ ಕಾರ್ಡನ್ನು ಇನ್ನೂ ತೆಗೆದಿರಲಿಲ್ಲ. "ಬೇಡ ಬಿಡೋ," ಎಂದರು. "ನಾನು ಹೋಗ್ತಿದ್ದದ್ದೇ ಒಬ್ಬಳೇ ಹೋಗೋಕೆ."