ಅರ್ಧ ಹಳದಿ ರಸ್ತೆ

ಒಂದು ರೊಟ್ಟಿ ಬೇಯುವಷ್ಟರಲ್ಲಿ ಮಗಳ ಒಂದು ಜಡೆ, ಇನ್ನೊಂದು ಬೇಯುವಷ್ಟರಲ್ಲಿ ಇನ್ನೊಂದು. ಆ ಮುಂಜಾನೆಯೂ ಹಾಗೇ. ಕೂದಲು ಎಳೆದರೆ ಚೀರುವವಳು ಅಂದು ಮಾತ್ರ ಗಪ್ಪಾಗಿ ಕುಳಿತಿದ್ದಳು.

ಕಾರಣ ನನಗೆ ಗೊತ್ತಿತ್ತು. ಶಾಲೆಗೆ ಬರುವ ದಾರಿಯ ಚಿತ್ರ ಬರೆದು ತರಲು ಟೀಚರ್ ಹೇಳಿದ್ದರು. ಎರಡನೇ ಕ್ಲಾಸಿನ ಮಗಳು ರಸ್ತೆಯ ಅರ್ಧಕ್ಕೆ ಹಳದಿ ಬಳಿದಿದ್ದಳು. ಹಿಂದಿನ ಸಂಜೆ ನಾನು, "ರಸ್ತೆ ಎಲ್ಲೆರ ಹಳದಿ ಇರ್ತೈತೇನ?" ಎನ್ನುತ್ತಾ ಅದರ ಮೇಲೆ ಕಪ್ಪು ತೀಡಿ, ಖಾಲಿ ಜಾಗದಲ್ಲಿ ಎರಡು ಗುಡ್ಡ, ನಡುವೊಬ್ಬ ಸೂರ್ಯನನ್ನೂ ಬರೆದುಕೊಟ್ಟಿದ್ದೆ. ಲಿಂಗಸುಗೂರಿನ ಕಾನ್ವೆಂಟಿನಲ್ಲಿ ನಾನು ಕಲಿತದ್ದು ಅದೇ. ಗೆರೆ ದಾಟದೆ ಬಣ್ಣ ತುಂಬಿದರೆ ಸಿಸ್ಟರ್ ಸ್ಟಾರ್ ಕೊಡುತ್ತಿದ್ದರು. ನನ್ನ ಪುಸ್ತಕದ ತುಂಬ ಸ್ಟಾರ್. ನನ್ನದೇ ಅಂತ ಒಂದು ಚಿತ್ರ ಬರೆದ ನೆನಪಿಲ್ಲ.

ಅಂದು ಶಾಲೆಗೆ ತಾಯಂದಿರನ್ನೂ ಕರೆದಿದ್ದರು. ಮಕ್ಕಳು ಒಬ್ಬೊಬ್ಬರಾಗಿ ತಮ್ಮ ಚಿತ್ರದ ಕಥೆ ಹೇಳಬೇಕು. ಮಗಳು ಎದ್ದು ನಿಂತಳು.

"ಇದು ನಂದಲ್ರಿ ಟೀಚರ್, ನಮ್ಮಮ್ಮಂದು. ನಂಗ ಚಿತ್ರ ಬರಂಗಿಲ್ರಿ. ಇನ್ಮ್ಯಾಲ ಬರಿಯಂಗಿಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಏಳು ವರ್ಷಕ್ಕೇ ಇವಳು ನನ್ನ ಹಾಗೆ ಆಗಿಬಿಟ್ಟಳಲ್ಲ ಎಂದು ಹೆದರಿದೆ.

ದಿನಾ ಮಸ್ಕಿಯಿಂದ ಬಸ್ಸಿಗೆ ಬರುವ ಆ ಸಣ್ಣ ವಯಸ್ಸಿನ ಟೀಚರ್ ನಗಲಿಲ್ಲ. ಬಣ್ಣದ ಸೀಮೆಸುಣ್ಣ ಕೊಟ್ಟು ನೆಲ ತೋರಿಸಿದರು. "ಇಲ್ಲಿ ಬರಿಯವ್ವಾ. ಅಮ್ಮೋರಿಗೆ ದಾರಿ ಗೊತ್ತಿಲ್ಲಂತ ಕಾಣ್ತೈತಿ, ನೀ ತೋರ್ಸು."

ಮಗಳು ಮೊಣಕಾಲೂರಿದಳು. ರಸ್ತೆಗೆ ಎರಡು ಅಂಚು, ಆಮೇಲೆ ಅರ್ಧಕ್ಕೆ ಹಳದಿ. ಆಗ ಹೊಳೆಯಿತು: ಭತ್ತ! ಸುಗ್ಗಿಯಲ್ಲಿ ಮಸ್ಕಿ ರಸ್ತೆಯ ಒಂದು ಬಾಜು ಉದ್ದಕ್ಕೂ ಒಣಹಾಕಿರುತ್ತಾರಲ್ಲ. ದಿನಾ ಅದರ ಪಕ್ಕದಲ್ಲೇ ಗಾಡಿ ಮೇಲೆ ಇವಳನ್ನು ಕರೆತರುವವಳು ನಾನೇ. ಹಳದಿಯ ಮೇಲೆ ಉದ್ದುದ್ದ ಸಾಲು ಎಳೆದಳು. ಭತ್ತ ತಿರುವಲು ಹೆಂಗಸರು ಅದರೊಳಗೆ ಕಾಲೆಳೆದು ನಡೆದಾಗ ಬೀಳುವ ಸಾಲು.

"ಇವೇನವ್ವಾ?" ಟೀಚರ್ ಕೇಳಿದರು.

"ಹೊಲಿಗಿ ರೀ. ರಸ್ತೆ ಕೌದಿ ಹೊದ್ಕೊಂಡು ಮಲಗೈತಿ. ಅದಕ ಎಲ್ಲಾ ಗಾಡಿ ಬಾಜು ಸರದು ಸಾವಕಾಶ ಹೋಗ್ತಾವ."

ಅವ್ವ ಹಳೆ ಸೀರೆ ಪದರಿಸಿ ಸಾಲುಸಾಲಾಗಿ ಹೊಲಿದ ಕೌದಿ ಹೊದ್ದೇ ಬೆಳೆದವಳು ನಾನು. ಮದುವೆಯಾಗಿ ಸಿಂಧನೂರಿಗೆ ಬಂದಾಗಿನಿಂದ ಆ ರಸ್ತೆಯನ್ನೂ ನೋಡುತ್ತಿದ್ದೇನೆ. ಎರಡೂ ಒಂದೇ ಎಂದು ಒಮ್ಮೆಯೂ ಕಂಡಿರಲಿಲ್ಲ. ಈ ಕೂಸಿಗೆ ಯಾರು ತೋರಿಸಿದರು? ಕರಿಹಲಗೆಗೆ ಮರಳುವಾಗ ಟೀಚರ್ ಸೀರೆಯ ನಿರಿಗೆ ಎತ್ತಿ ಹಿಡಿದು, ಚಿತ್ರ ತುಳಿಯದಂತೆ ಗೋಡೆಯ ಬದಿಯಿಂದ ಸುತ್ತಿ ಹೋದರು. ಮಕ್ಕಳೂ ಹಾಗೇ ಹೋದರು, ತುದಿಗಾಲಲ್ಲಿ.

ಸಂಜೆ ಮಗಳು ಕಾಣದೆ ಹುಡುಕಾಡುತ್ತಿದ್ದೆ. ಪಕ್ಕದ ಮನೆಯ ಅಕ್ಕ ತಮ್ಮ ಕಟ್ಟೆಯ ಮೇಲೆ ಪುಂಡಿಪಲ್ಯದ ಎಲೆ ಬಿಡಿಸುತ್ತಾ, ತಲೆ ಎತ್ತದೆಯೇ ಕೂಗಿದರು: "ಇಲ್ಲೇ ಅದಾಳ ಬಾರವ್ವಾ. ಇದ್ದಲಿ ಹಿಡದು ನಮ್ಮ ಗ್ವಾಡಿ ತುಂಬ, ಕೊಯ್ದ ಗದ್ದ್ಯಾಗ ಬಿಟ್ಟಂಗ, ಬಾತುಕೋಳಿ ಬಿಟ್ಟಾಳ. ಸುಣ್ಣ ಹೊಡಿಸೋದು ಹೆಂಗೂ ಉಗಾದಿಗೆ, ಅಲ್ಲೀತನ ಮೇಯ್ಲಿ ಬಿಡು."