ಪಟೇಲನ ರೆಕ್ಕೆ

“ಅಮ್ಮಾ, ಮುನಿಯಮ್ಮಜ್ಜಿ ಬಾತುಕೋಳಿಗಳ ಒಂದೇ ರೆಕ್ಕೆ ಯಾಕೆ ಕತ್ತರಿಸ್ತಾರೆ? ಇನ್ನೊಂದು ಮರೆತುಹೋಗುತ್ತಾ?”

ಮಗಳು ಪ್ರಜ್ಞಾಳ ತಲೆಗೆ ಎಣ್ಣೆ ಹಚ್ಚುತ್ತಿದ್ದ ಲತಾಮಣಿಗೆ ನಗು ಬಂತು. ರೆಕ್ಕೆಯನ್ನಲ್ಲ, ಗರಿಯನ್ನು, ನಿನ್ನ ಉಗುರು ಕತ್ತರಿಸಿದ ಹಾಗೆ, ನೋವಾಗುವುದಿಲ್ಲ, ಮತ್ತೆ ಬೆಳೆಯುತ್ತದೆ ಎಂದಳು. ಒಂದೇ ಕಡೆ ಕತ್ತರಿಸಿದರೆ ಹಾರಹೊರಟ ಬಾತು ವಾಲಿಕೊಂಡು ಕೆಳಗಿಳಿಯುತ್ತದೆ, ಅಷ್ಟೇ.

“ಪಟೇಲನಿಗೂ ಕತ್ತರಿಸ್ತಾರಾ?”

ಜಾವಗಲ್ಲಿನ ಆ ಬೀದಿಯಲ್ಲಿ ಈಗ ಎಲ್ಲರೂ ಕೇಳುತ್ತಿದ್ದದ್ದು ಅದನ್ನೇ.

ಗಂಡ ತಮ್ಮಯ್ಯ ತೀರಿಕೊಂಡ ಮೇಲೆ ಮುನಿಯಮ್ಮ ಬದುಕು ಕಟ್ಟಿಕೊಂಡದ್ದು ಬಾತುಮೊಟ್ಟೆಯಿಂದ. ಅದು ಮದ್ದೆಂದು ನಂಬಿದ ಮೂಲವ್ಯಾಧಿಯವರು ಅತ್ತಿತ್ತ ನೋಡಿಕೊಂಡು ಬಂದು, “ನಮ್ಮ ಭಾವನಿಗೆ ಬೇಕಿತ್ತು” ಎಂದು ಮೊಟ್ಟೆ ಕೇಳುತ್ತಾರೆ. “ನಿಮ್ ಭಾವ ಬರಿ ಹೊಟ್ಟೇಲಿ ತಿನ್ಲಿ, ನೀವು ಖಾರ ಕಮ್ಮಿ ಮಾಡಿ” ಎಂದು ಮುನಿಯಮ್ಮ ನಗದೆಯೇ ಕೊಡುತ್ತಾರೆ.

ಈ ಚಳಿಗಾಲದಲ್ಲಿ, ರೆಕ್ಕೆಗೆ ಗಾಳದ ದಾರ ಸುತ್ತಿಕೊಂಡ ಕಾಡುಬಾತೊಂದು ಅವರ ಬಾತುಗಳ ಹಿಂದೆಯೇ ಕೆರೆಯಿಂದ ಅಂಗಳಕ್ಕೆ ನಡೆದು ಬಂತು. ಮುನಿಯಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ದಾರ ಕತ್ತರಿಸಿ ಬಿಡಿಸಿ, ಗಾಯಕ್ಕೆ ಅರಿಸಿನ ಮೆತ್ತಿದರು. ಹಸಿರು ರುಮಾಲು ಸುತ್ತಿದಂಥ ತಲೆ, ಎದೆ ಮುಂದೆ ಮಾಡಿ ನಡೆಯುವ ಗತ್ತು. ಪಟೇಲ ಎಂದು ಹೆಸರಾಯಿತು. “ಆ ಕಾಲದ ಪಟೇಲ್ರು ನಮ್ ಅಂಗಳಕ್ಕೆ ಬತ್ತಿರ್ಲಿಲ್ಲ. ಇವ್ನು ನೋಡು, ಬಂದವ್ನೆ, ಕೂತವ್ನೆ, ನಮ್ ತಟ್ಟೇಲೇ ಉಣ್ತಾವ್ನೆ!” ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಈಗ ಗಾಯ ಮಾಯ್ದಿದೆ. ಪಟೇಲ ಸಂಜೆ ಕೆರೆ ಏರಿಯ ಮೇಲೆ ಒಂದು ಸುತ್ತು ಹಾರಿ ಬರುತ್ತಾನೆ. ಯುಗಾದಿಯ ಹೊತ್ತಿಗೆ ಬಿಸಿಲು ಬಲಿತರೆ ವಲಸೆ ಹಕ್ಕಿಗಳ ಜೊತೆ ಹೊರಟೇಬಿಡುತ್ತಾನೆ. “ಕತ್ರಿ ಆಡಿಸ್ಬುಡಕ್ಕ” ಎಂದು ಮುನಿಯಮ್ಮನ ತಮ್ಮ ಭೀಮರಾಜ್ ಬಂದಾಗಲೆಲ್ಲ ಹೇಳುತ್ತಾನೆ. “ಒಳ್ಳೆ ತಳಿ ಆಯ್ತದೆ. ಹೋದ್ರೆ ತಿರ್ಗಾ ಬತ್ತಾನಾ ಅವ್ನು?”

ಅಂದು ಸಂಜೆ ಲತಾಮಣಿ ಮೊಟ್ಟೆಗೆಂದು ಹೋದಾಗ ಮುನಿಯಮ್ಮ ಜಗಲಿಯಲ್ಲಿ ಕೂತಿದ್ದರು. ಕಂಕುಳಲ್ಲಿ ಪಟೇಲ, ಒಂದು ರೆಕ್ಕೆ ಬಿಡಿಸಿ ಹಿಡಿದಿದ್ದರು. ಕೈಯಲ್ಲಿ ಕತ್ತರಿ.

“ಬಂದ್ಯಾ? ಇವ್ನೆದೆ ಮುಟ್ಟಿ ನೋಡು.”

ಲತಾಮಣಿ ಬೆರಳಿಟ್ಟಳು. ಗರಿಯ ಕೆಳಗೆ ಜೀವ ಡವಡವ ಎನ್ನುತ್ತಿತ್ತು.

“ನೋವೇನೂ ಆಗಲ್ವಲ್ಲ ದೊಡ್ಡವ್ವ,” ಎಂದಳು, ಮಗಳಿಗೆ ಹೇಳಿದ್ದನ್ನೇ. “ಕತ್ತರಿಸಿದ್ರೆ ಇಲ್ಲೇ ಇರ್ತಾನೆ.”

“ಇರ್ತಾನೆ.” ಮುನಿಯಮ್ಮ ಗರಿಯ ಮೇಲೆ ಕೈಯಾಡಿಸಿದರು. “ಅವತ್ತು ದಾರ ಬಿಡ್ಸಿದ್ದೂ ಇದೇ ಕತ್ರೀಲಿ ಕಣವ್ವ.”

ತೋಳು ಸಡಿಲಿಸಿದರು. ಪಟೇಲ ಕೆಳಗೆ ಹಾರಿ ಮೈ ಕೊಡವಿ, ಏನೂ ಆಗದವನಂತೆ ನೀರಿನ ಬಾನಿಗೆ ಕೊಕ್ಕು ಅದ್ದಿದ.

ಮುನಿಯಮ್ಮ ಕತ್ತರಿಯನ್ನು ಸೆರಗಿನಲ್ಲಿ ಒರೆಸಿ ಲತಾಮಣಿಯ ಬುಟ್ಟಿಗೆ ಹಾಕಿದರು.

“ಒಂದ್ ಉಪ್ಕಾರ ಮಾಡವ್ವ. ಯುಗಾದಿ ತನ್ಕ ಇದು ನಿನ್ ಮನೇಲಿರ್ಲಿ. ನಾನೇ ಬಂದು ಕೇಳಿದ್ರೂ ಕೊಡ್ಬೇಡ.”